ಅಡ್ಡ ಎಳೆಯ ಬೆಣೆ

ಆ ಬೀದಿಯಲ್ಲಿ ಒಳ್ಳೆಯ ಗಂಡ ಯಾರು ಎಂದು ಚುನಾವಣೆ ನಡೆಸಿದ್ದರೆ ವ್ಯಾನಿನವನ ಎದುರು ನಿಂತವರೆಲ್ಲ ಠೇವಣಿ ಕಳೆದುಕೊಳ್ಳುತ್ತಿದ್ದರು. ಸಾಮಾನು ಸಾಗಿಸುವ ಹಳೆಯ ವ್ಯಾನು ಅವನದು. ಹೆಂಡತಿ ಅದರ ಮುಂದಿನ ಸೀಟಿಗೆ ಹತ್ತುವ ಮೊದಲು ಹೆಗಲ ಮೇಲಿನ ಟವೆಲ್ಲು ತೆಗೆದು ಸೀಟನ್ನು ಒಮ್ಮೆ ಒರೆಸಿ, ಬಾಗಿಲು ಹಿಡಿದು ನಿಲ್ಲುತ್ತಿದ್ದ. ಮಳೆಯಿರಲಿ, ಬಿಸಿಲಿರಲಿ, ಹಿಂದಿನಿಂದ ಯಾರಾದರೂ ಹಾರ್ನ್ ಬಾರಿಸುತ್ತಿರಲಿ, ಆ ಒರೆಸುವುದೊಂದು ತಪ್ಪುತ್ತಿರಲಿಲ್ಲ. ಪಕ್ಕದ ಮನೆಯ ದರ್ಜಿ ಹೆಂಗಸು ಅದನ್ನು ಕಿಟಕಿಯಿಂದ ತೋರಿಸಿ ತನ್ನ ಗಂಡನಿಗೆ, "ನೋಡಿ, ನೋಡಿಯಾದ್ರೂ ಕಲೀರಿ" ಅನ್ನುತ್ತಿದ್ದಳು. "ಕಲಿಯೋಕೆ ನನ್ನ ಹತ್ರ ವ್ಯಾನೆಲ್ಲಿದೆ? ನಿನ್ನ ಹೊಲಿಗೆ ಮಷೀನಿನ ಸ್ಟೂಲು ಒರೆಸ್ಲಾ?" ಎಂದು ಅವನು ಮತ್ತೆ ಪೇಪರಿನೊಳಗೆ ಮುಖ ಹಾಕುತ್ತಿದ್ದ.

ಒಳ್ಳೆಯವನೆಂದು ಹೆಸರು ತೆಗೆದುಕೊಂಡವರ ಕಷ್ಟ ಅವರಿಗೇ ಗೊತ್ತು. ಆ ಹೆಸರನ್ನು ದಿನಾ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಇಟ್ಟುಕೊಳ್ಳಬೇಕು. ಅದಕ್ಕಾಗಿ ಅವರು ಏನೇನು ಮಾಡಿರುತ್ತಾರೆ ಎಂದು ಯಾರೂ ಕೇಳಲು ಹೋಗುವುದಿಲ್ಲ. ಕೇಳಬೇಕಾದ ಒಬ್ಬಳು ಒರೆಸಿದ ಸೀಟಿನಲ್ಲಿ ಕೂತಿರುತ್ತಾಳೆ, ಅವಳಿಗೆ ಸುಖವಾಗಿರುತ್ತದೆ.

ಅವಳನ್ನು ಬೀದಿಯವರು ಬಡಗಿಯ ಮಗಳು ಎಂದೇ ಕರೆಯುತ್ತಿದ್ದರು. ಅವಳ ಅಪ್ಪನನ್ನು ಇಲ್ಲಿ ಯಾರೂ ಕಂಡವರಲ್ಲ. ಆದರೆ ಯಾರ ಮನೆಯ ಬಾಗಿಲು ಕಿರುಗುಟ್ಟಿದರೂ, ಕುರ್ಚಿಯ ಕಾಲು ಅಲ್ಲಾಡಿದರೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಹೊಟ್ಟೆಪಾಡಿಗೆ ಅವಳು ಫೋಟೋ ಫ್ರೇಮ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೆರಳಗಲದ ಮರದ ಪಟ್ಟಿಗಳನ್ನು ಮೂಲೆಗೆ ಸರಿಯಾಗಿ ಕತ್ತರಿಸಿ, ಅಂಟು ಹಚ್ಚಿ, ಸತ್ತವರನ್ನೂ ಮದುವೆಯಾದವರನ್ನೂ ಒಂದೇ ಥರದ ಚೌಕಟ್ಟಿನೊಳಗೆ ಕೂರಿಸುವ ಕೆಲಸ. "ಇದೂ ಮರಗೆಲಸಾನೇ ಅಲ್ವೇನೇ?" ಎಂದು ಗಂಡ ಸಮಾಧಾನ ಮಾಡುತ್ತಿದ್ದ. "ಹೌದ್ರೀ, ಹಲ್ಲುಕಡ್ಡಿ ಮಾಡೋದೂ ಮರಗೆಲಸಾನೇ" ಎಂದು ಅವಳು ನಗುತ್ತಿದ್ದಳು. ಆ ನಗುವಿನ ಕೆಳಗೆ ಒಂದು ನೋವಿತ್ತು. ಅದು ಯಾವುದೆಂದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ನೋವು ಅಪ್ಪನ ಬೆಂಚಿನದು. ಎರಡು ಅಗಲವಾದ ತೇಗದ ಹಲಗೆ ಜೋಡಿಸಿ, ದಪ್ಪ ಕಾಲು ಕೊಟ್ಟು, ಒಂದು ತುದಿಗೆ ಮರವನ್ನು ಅದುಮಿ ಹಿಡಿಯುವ ಕಬ್ಬಿಣದ ಇಕ್ಕಳ ಬಿಗಿದಿದ್ದ ಕೆಲಸದ ಬೆಂಚು. ಅದರ ಕೆಳಗೆ ಉದುರುತ್ತಿದ್ದ ಮರದ ಸುರುಳಿಗಳಲ್ಲಿ ಹೊರಳಾಡಿಯೇ ಅವಳು ಬೆಳೆದದ್ದು. ಅಪ್ಪ ಹಾಸಿಗೆ ಹಿಡಿದಾಗ, ಅಳಿಯನೂ ನೆಂಟರೂ ಸುತ್ತ ಕೂತಿರುವಾಗಲೇ, ಹೇಳಿಬಿಟ್ಟಿದ್ದ: "ಉಳಿ, ಬಾಚಿ, ಗರಗಸ ಎಲ್ಲ ಮಗನಿಗೆ. ಬೆಂಚು ಮಗಳಿಗೆ." ಯಾರೋ ಕಿಸಕ್ಕೆಂದರು. "ಬೆಂಚು ತಗೊಂಡು ಏನ್ ಮಾಡ್ತಾಳೆ, ಮಲಗ್ತಾಳಾ?" ಅಪ್ಪನಿಗೆ ಉಸಿರು ಸಾಲುತ್ತಿರಲಿಲ್ಲ, ಆದರೂ ಬಿಡಲಿಲ್ಲ. "ಸಾಮಾನು ಎಲ್ಲಿ ಬೇಕಾದ್ರೂ ಸಿಗುತ್ತೆ. ನಿಂತು ಕೆಲಸ ಮಾಡೋ ಜಾಗ ಸಿಗಲ್ಲ" ಅಂದ. ಅಣ್ಣನೂ ಬಡಗಿ. "ಸರಿಯಾಗೇ ಹೇಳಿದ್ರಿ ಅಪ್ಪ" ಎಂದು ತಲೆಯಾಡಿಸಿದ್ದ.

ಅಪ್ಪ ಹೋದ ಮೇಲೆ ಬೆಂಚು ಸ್ವಲ್ಪ ಕಾಲ ಅಣ್ಣನ ಊರಿನಲ್ಲಿ, ಅವನ ಶೆಡ್ಡಿನಲ್ಲೇ ಇತ್ತು. ಇಲ್ಲಿ ಬಡಗಿಯ ಮಗಳು ಮನೆಯ ಮುಂದಿನ ಕೋಣೆ ಖಾಲಿ ಮಾಡಿಸಿ, ಕಿಟಕಿಯ ಬೆಳಕು ಬೆಂಚಿನ ಮೇಲೆ ಎಲ್ಲಿ ಬೀಳುತ್ತದೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟಿದ್ದಳು. ಬಾಗಿಲ ಬೋರ್ಡಿಗೆ ಏನು ಬರೆಸಬೇಕು ಎನ್ನುವುದೂ ಮನಸ್ಸಿನಲ್ಲಿತ್ತು. ತರಲು ಹೋಗಬೇಕಾದ ದಿನವೇ ಅವಳಿಗೆ ಜ್ವರ. ಗಂಡ ಒಬ್ಬನೇ ವ್ಯಾನು ತೆಗೆದುಕೊಂಡು ಹೋದ. ಸಂಜೆ ಖಾಲಿ ವ್ಯಾನಿನಲ್ಲಿ ಬಂದು, ಹಾಸಿಗೆಯ ಅಂಚಿನಲ್ಲಿ ಕೂತು, ಅವಳ ಕೈ ಹಿಡಿದು ಹೇಳಿದ. ಶೆಡ್ಡು ಸೋರಿ ಬೆಂಚಿಗೆ ಗೆದ್ದಲು ಹಿಡಿದಿತ್ತಂತೆ. ಒಳಗೆಲ್ಲ ಪುಡಿಯಂತೆ. ಅಣ್ಣ ಅದನ್ನು ಹಿತ್ತಿಲಿಗೆ ಎಳೆದು ಸುಟ್ಟುಹಾಕಿದನಂತೆ. ಇವನು ಹೋಗುವಷ್ಟರಲ್ಲಿ ಬರೀ ಬೂದಿ ಉಳಿದಿತ್ತಂತೆ.

"ಒಂದು ಮಾತು ಹೇಳೋಕೆ ಏನಾಗಿತ್ತು ಅವನಿಗೆ?" ಎಂದು ಅವಳು ಜ್ವರದಲ್ಲೇ ಅತ್ತಳು.

"ಯಾವ ಮುಖ ಇಟ್ಕೊಂಡು ಹೇಳ್ತಾನೆ, ಬಿಡು" ಎಂದು ಗಂಡ ಹಣೆಗೆ ಒದ್ದೆ ಬಟ್ಟೆ ಹಾಕಿದ.

ಅವಳು ಅಣ್ಣನಿಗೆ ಫೋನ್ ಮಾಡಲಿಲ್ಲ. ಅವನೇ ಮಾಡಿ ತಪ್ಪಾಯಿತು ಅನ್ನಲಿ ಎಂದು ಕಾದಳು. ಅವನೂ ಮಾಡಲಿಲ್ಲ. ಹೀಗೆ ಶುರುವಾದ ಮೌನಕ್ಕೆ ವರ್ಷಗಳು ಸೇರಿಕೊಂಡು ಅದೇ ಒಂದು ಅಭ್ಯಾಸವಾಯಿತು. ಗಂಡ ಆ ಊರಿನ ಮೇಲೆ ಬಾಡಿಗೆ ಹೋದಾಗ ಅಣ್ಣನನ್ನು ಕಂಡು ಬರುತ್ತಿದ್ದ. "ಚೆನ್ನಾಗಿದಾನೆ, ಕೂದಲು ಬೆಳ್ಳಗಾಗಿದೆ" ಎಂದು ಅಷ್ಟು ಮಾತ್ರ ಹೇಳುತ್ತಿದ್ದ. "ನಿಮ್ಮಿಬ್ಬರ ನಡುವೆ ಸೇತುವೆ ಅಂತ ಇರೋದು ನಾನೊಬ್ಬ ನೋಡು" ಎಂದು ನಗುತ್ತಿದ್ದ. ಅವಳು ಅದಕ್ಕೂ ಕೃತಜ್ಞಳಾಗಿದ್ದಳು. ಮುಂದಿನ ಕೋಣೆಯಲ್ಲಿ ಈಗ ಸೋಫಾ ಇತ್ತು.

ಇಷ್ಟೆಲ್ಲ ಮತ್ತೆ ಕೆದಕುವಂತಾದದ್ದು ಟೊಮೇಟೊ ಸಸಿಗಳಿಂದ. ಅಡುಗೆಮನೆಯ ಕಿಟಕಿಯಲ್ಲಿ ಹಳೆಯ ಎಣ್ಣೆ ಡಬ್ಬಗಳಲ್ಲಿ ಹಾಕಿದ್ದ ಬೀಜಗಳೆಲ್ಲ ಹುಟ್ಟಿ, ಜಾಗ ಸಾಲದೆ ಒಂದರ ಮೇಲೊಂದು ಬಾಗಿದ್ದವು. ಮನೆಯ ಪಕ್ಕದಲ್ಲಿದ್ದ ಅಂಗಳವೆಲ್ಲ ಸಿಮೆಂಟು, ಹಿಡಿ ಮಣ್ಣಿಲ್ಲ. ಒಂದು ಉದ್ದನೆಯ ಮರದ ಪೆಟ್ಟಿಗೆ ಮಾಡಿ, ಅದರಲ್ಲಿ ಮಣ್ಣು ತುಂಬಿ, ಗೇಟಿನ ಹತ್ತಿರ ಇಡೋಣ ಎಂದು ಅವಳಿಗೆ ಅನಿಸಿತು. "ಹಳೆ ಹಲಗೆ ಎಲ್ಲಾದ್ರೂ ಸಿಗುತ್ತೇನ್ರೀ?" ಎಂದಳು.

"ಹಲಗೆ ತಾನೆ? ನೀನು ಕೇಳೋದು ಹೆಚ್ಚಾ, ನಾನು ತರೋದು ಹೆಚ್ಚಾ!"

ಭಾನುವಾರ ಬೆಳಿಗ್ಗೆ ವ್ಯಾನಿನ ಹಿಂದಿನಿಂದ ಎರಡು ಹಲಗೆ ಇಳಿದವು. ಅವನ ಗೆಳೆಯನೊಬ್ಬನಿಗೆ ಲಾರಿ ಸಾಮಾನಿನ ಗೋದಾಮಿತ್ತು. ಅಲ್ಲಿ ಡ್ರಮ್ಮುಗಳನ್ನು ಉರುಳಿಸಿ ಏರಿಸಲು ಇಳಿಜಾರಾಗಿ ಹಾಕಿದ್ದ ಹಲಗೆಗಳಂತೆ. ಈಗ ಗೆಳೆಯ ಅಲ್ಲಿ ಸಿಮೆಂಟು ಹಾಕಿಸಿದ್ದರಿಂದ ಬೇಕಾದವರು ಒಯ್ಯಲಿ ಎಂದು ಮೂಲೆಗೆ ಎಸೆದಿದ್ದನಂತೆ. ಎಣ್ಣೆ, ಮಸಿ, ಯಾವುದೋ ಕಾಲದ ನೀಲಿ ಬಣ್ಣ ಎಲ್ಲ ಸೇರಿ ಒಂದು ದಪ್ಪ ಚರ್ಮ ಕಟ್ಟಿತ್ತು. ಬಡಗಿಯ ಮಗಳು ಬಗ್ಗಿ ಒಂದು ತುದಿ ಎತ್ತಿ ನೋಡಿದಳು.

"ಇಷ್ಟು ತೂಕದ ಹಲಗೇನಾ ಡ್ರಮ್ಮಿಗೆ ಹಾಕಿದ್ರು? ತಲೆ ಸರಿ ಇತ್ತಾ ಅವರಿಗೆ?"

"ಡ್ರಮ್ಮಿಗೆ ಮರ್ಯಾದೆ ಕೊಟ್ಟಿದಾರೆ. ನಮಗೇನು, ಪುಕ್ಕಟೆ ಬಂತಲ್ಲ" ಎಂದ ಅವನು. ಟೊಮೇಟೊಗೂ ಅರಮನೆ ಬಂತು ನೋಡು ಎಂದು ಇನ್ನೊಂದು ಮಾತೂ ಸೇರಿಸಿದ.

ಅವಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಲಸಕ್ಕಿಳಿದಳು. ಹಳೆಯ ಮರದ ಕೆಲಸದಲ್ಲಿ ಅರ್ಧ ಹೊತ್ತು ಮೊಳೆ ಹುಡುಕುವುದಕ್ಕೇ ಹೋಗುತ್ತದೆ. ಒಂದು ಮೊಳೆ ಒಳಗುಳಿದರೂ ಗರಗಸದ ಹಲ್ಲು ಹೋಯಿತೆಂದೇ ಅರ್ಥ. ಅಪ್ಪ ಹೇಳಿಕೊಟ್ಟ ಹಾಗೆ ಅಂಗೈಯನ್ನು ನಿಧಾನ ಸವರುತ್ತಾ, ಸಿಕ್ಕಿದ ಮೊಳೆಗಳನ್ನೆಲ್ಲ ಕಿತ್ತು ಡಬ್ಬಕ್ಕೆ ಹಾಕಿದಳು. ಒಂದು ಹಲಗೆಯ ತುದಿಯಲ್ಲಿ ಚೌಕಕ್ಕೆ ನಾಲ್ಕು ದೊಡ್ಡ ತೂತುಗಳಿದ್ದವು, ಒಳಗೆ ಮಸಿ ತುಂಬಿತ್ತು. ನೀರು ಬಸಿಯಲು ಒಳ್ಳೆಯದಾಯಿತು, ಈ ತುಂಡು ತಳಕ್ಕೆ ಹಾಕಿದರೆ ತೂತು ಕೊರೆಯುವ ಕೆಲಸ ಉಳಿಯಿತು ಎಂದುಕೊಂಡಳು.

ಕುಯ್ಯಲು ಅವಳಿಗೆ ಬೆಂಚಿರಲಿಲ್ಲ. ಹಲಗೆಯ ಒಂದು ತುದಿಯನ್ನು ಬಾಗಿಲ ಮೆಟ್ಟಿಲ ಮೇಲಿಟ್ಟು ಮೊಣಕಾಲೂರಿದಳು. ಇನ್ನೊಂದು ತುದಿಯನ್ನು ಗಂಡ ಹಿಡಿದುಕೊಂಡ. ಗರಗಸ ಒಳಗಿಳಿದ ಹಾಗೆ ಮಸಿಯ ಕೆಳಗಿಂದ ಹೊಂಬಣ್ಣದ ಪುಡಿ ಬಂತು, ಅದರ ಹಿಂದೆಯೇ ವಾಸನೆ. ಅವಳ ಕೈ ಒಂದು ಕ್ಷಣ ನಿಂತಿತು.

"ತೇಗ ಕಣ್ರೀ ಇದು! ಹಳೇ ತೇಗ. ಇಂಥ ಮರಾನ ಯಾರು ಬಿಸಾಡಿದ್ರು?"

"ಬಿಸಾಡೋರಿಗೆ ಏನು ಗೊತ್ತು ಹೇಳು" ಅಂದ ಅವನು. "ನಿಧಾನ, ಕೈ ನೋಡ್ಕೋ."

ಅವಳು ಕುಯ್ದಳು. ಮೊದಲ ಹಲಗೆ ತುಂಡಾಗಿ ಎರಡು ಚಿಕ್ಕ ಬದಿ, ಒಂದು ತಳ ಬಂದವು. ಗಂಡ ಕೊನೆಯವರೆಗೂ ಅಲ್ಲಾಡದೆ ಹಿಡಿದಿದ್ದ. ನಡುವೆ ಒಮ್ಮೆ ಅವಳ ಹಣೆಯ ಬೆವರನ್ನು ಅದೇ ಟವೆಲ್ಲಿನಿಂದ ಒರೆಸಿದ. ಕಿಟಕಿಯಿಂದ ದರ್ಜಿ ಹೆಂಗಸು ನೋಡುತ್ತಿದ್ದಳು. ಕೆಲಸದಲ್ಲಿ ಇಷ್ಟು ಖುಷಿ ಬಡಗಿಯ ಮಗಳಿಗೆ ಎಷ್ಟೋ ದಿನದಿಂದ ಆಗಿರಲಿಲ್ಲ. ಅವನು ಮಣ್ಣಿನ ಚೀಲ ತರುತ್ತೇನೆಂದು ವ್ಯಾನು ತೆಗೆದುಕೊಂಡು ಹೋದಾಗ ಅವಳು ಬಾಯಲ್ಲಿ ಏನೋ ಗುನುಗುತ್ತಾ ಬದಿಗಳನ್ನು ತಳಕ್ಕೆ ಸೇರಿಸಿ ಮೊಳೆ ಹೊಡೆಯುತ್ತಿದ್ದಳು.

ಉಳಿದ ಹಲಗೆ ಮುಂಭಾಗಕ್ಕೆ, ಹಿಂಬದಿಗೆ ಗೋಡೆಯೇ ಇತ್ತು. ಗೇಟಿನಿಂದ ಬಂದವರಿಗೆ ಮೊದಲು ಕಾಣುವುದು ಅದೇ. ಹಾಗಾಗಿ ಅದನ್ನು ಹೆರೆದು ಮುಖ ಮಾಡಬೇಕಿತ್ತು. ಫ್ರೇಮ್ ಅಂಗಡಿಯಿಂದ ಕೇಳಿ ತಂದಿದ್ದ ಕೀಸುಳಿಯ ಅಲಗನ್ನು ಸರಿ ಮಾಡಿಕೊಂಡು ಒಂದು ತುದಿಯಿಂದ ಶುರು ಮಾಡಿದಳು. ಮೊದಲು ಕರಿ ಸಿಪ್ಪೆ, ಆಮೇಲೆ ನೀಲಿ, ಆಮೇಲೆ ಮರದ ಸುರುಳಿ. ಅರ್ಧಕ್ಕೆ ಬರುವಾಗ ಕೀಸುಳಿ ಎಲ್ಲೋ ತಟ್ಟನೆ ತಡೆಯಿತು. ಮೊಳೆಯಿರಬೇಕು ಎಂದು ಅಂಗೈ ಸವರಿದಳು. ಮೊಳೆಯ ತಣ್ಣಗಿನ ತಲೆಯಲ್ಲ. ಕೂದಲೆಳೆಯಷ್ಟು ಮೇಲೆದ್ದ ಒಂದು ಚೌಕ.

ಕೈಗೆ ಅದು ಕಣ್ಣಿಗಿಂತ ಮೊದಲು ಗೊತ್ತಾಯಿತು. ಅವಳು ಟೊಮೇಟೊಗೆಂದು ಇಟ್ಟಿದ್ದ ನೀರಿನಲ್ಲಿ ಸೆರಗು ಅದ್ದಿ ಆ ಜಾಗವನ್ನು ತಿಕ್ಕಿದಳು. ಹೊಂಬಣ್ಣದ ತೇಗದ ನಡುವೆ ಕಪ್ಪನೆಯ ಬೀಟೆ ಮರದ ಒಂದು ಚೌಕ ತುಂಡು. ಹಲಗೆಯ ಎಳೆಗಳೆಲ್ಲ ಉದ್ದಕ್ಕೆ ಓಡುತ್ತಿದ್ದರೆ ಆ ತುಂಡಿನ ಎಳೆಗಳು ಅಡ್ಡಕ್ಕಿದ್ದವು.

ಲಂಗ ಹಾಕುತ್ತಿದ್ದ ವಯಸ್ಸಿನಲ್ಲಿ ಅವಳು ಅಪ್ಪನ ಕಣ್ಣು ತಪ್ಪಿಸಿ ತೂತು ಕೊರೆಯುವ ಬೈರಿಗೆ ತಿರುಗಿಸಲು ಹೋಗಿದ್ದಳು. ಕೆಳಗಿನ ಮರ ದಾಟಿ ಬೆಂಚಿಗೇ ತೂತು ಬಿದ್ದಿತ್ತು. ಅಪ್ಪ ಬೈಯಲಿಲ್ಲ. "ತೂತು ಮಾಡಿದ್ದು ನೀನು, ಮುಚ್ಚೋದೂ ನೀನೇ" ಎಂದು ಉಳಿ ಕೈಗೆ ಕೊಟ್ಟ. ಅವಳು ತೂತನ್ನು ಚೌಕ ಮಾಡಿ, ಕಂಡ ಮರಗಳಲ್ಲೆಲ್ಲ ಚಂದದ್ದೆಂದು ಬೀಟೆಯ ಚೂರು ಆರಿಸಿ, ಬೆಣೆ ಕೆತ್ತಿ ಹೊಡೆದಳು. ಎಳೆ ಯಾವ ದಿಕ್ಕಿಗೆಂದು ನೋಡಲೇ ಇಲ್ಲ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ: "ಅಪ್ಪಾ, ಇವಳು ಅಡ್ಡ ಹೊಡೆದಿದಾಳೆ! ಕಿತ್ತು ಹಾಕ್ಲಾ?" ಅಪ್ಪ ಬೇಡವೆಂದ. "ಇರಲಿ. ದಿನಾ ಕಣ್ಣಿಗೆ ಬೀಳ್ತಿದ್ರೆ ಇನ್ನೊಂದ್ಸಲ ತಪ್ಪಲ್ಲ" ಎಂದ. ಅಡ್ಡ ಕೂತ ಬೆಣೆ ತೇಗದ ಜೊತೆ ಕುಗ್ಗದೆ, ವರ್ಷ ಹೋದ ಹಾಗೆ ತಲೆಯೆತ್ತಿ ನಿಂತಿತು. ಅಪ್ಪ ಕೆಲಸ ಮಾಡುವಾಗ ಹೆಬ್ಬೆರಳಿನಿಂದ ಅದನ್ನು ಸವರುತ್ತಲೇ ಇರುತ್ತಿದ್ದ.

ಅವಳು ಇನ್ನೊಂದು ಹಲಗೆಯ ತುಂಡನ್ನು ತಿರುಗಿಸಿ ನೋಡಿದಳು. ಆ ನಾಲ್ಕು ತೂತು ಇಕ್ಕಳ ಬಿಗಿದಿದ್ದ ತೂತುಗಳು. ನೀರು ಬಸಿಯಲೆಂದು ತಾನು ಮೆಚ್ಚಿಕೊಂಡಿದ್ದ ತೂತುಗಳು. ಬೆಂಚನ್ನು ಮೆಟ್ಟಿಲ ಮೇಲಿಟ್ಟು, ಬೆಂಚಿಲ್ಲವಲ್ಲ ಎಂದು ಮರುಗುತ್ತಾ, ತನ್ನ ಕೈಯಾರೆ ಕುಯ್ದಿದ್ದಳು.

ಗೆದ್ದಲು ತಿಂದ ಒಂದು ಗೀರೂ ಅದರ ಮೇಲಿರಲಿಲ್ಲ. ಬೆಂಕಿಯ ಕಲೆಯಂತೂ ಇಲ್ಲವೇ ಇಲ್ಲ. ಹಾಗಾದರೆ ಸುಟ್ಟದ್ದು ಏನು? ಅಣ್ಣ ಸುಳ್ಳು ಹೇಳಿದನೇ? ಅಣ್ಣ ಅವಳಿಗೆ ಏನೂ ಹೇಳಿಯೇ ಇರಲಿಲ್ಲ. ಹೇಳಿದವನು ಒಬ್ಬನೇ. ಅದನ್ನು ಯೋಚಿಸುವುದಕ್ಕೇ ಅವಳಿಗೆ ನಾಚಿಕೆಯಾಯಿತು. ಮೂರು ಹೊತ್ತೂ ಕಾಳಜಿ ಮಾಡುವ ಮನುಷ್ಯನ ಮೇಲೆ ಒಂದು ಮರದ ಚೂರಿನ ಮಾತು ಕಟ್ಟಿಕೊಂಡು ಅನುಮಾನ ಪಡುವುದೇ? ಯಾರೋ ಅಣ್ಣನಿಂದ ಕೊಂಡಿರಬಹುದು, ಅಲ್ಲಿಂದ ಇನ್ನೊಬ್ಬರಿಗೆ ಹೋಗಿ ಗೋದಾಮಿಗೆ ಬಂದಿರಬಹುದು, ಇವರಿಗೇನೂ ಗೊತ್ತಿಲ್ಲದಿರಬಹುದು. ಹಾಗೇ ಆಗಿರಲಿ ಎಂದು ಅವಳು ಬೇಡಿಕೊಂಡಳು. ಹೆರೆದ ಸುರುಳಿಗಳನ್ನು ಕೈಯಿಂದ ಎಳೆದು ಬೆಣೆಯನ್ನು ಮುಚ್ಚಿ, ಅಲ್ಲೇ ಮೆಟ್ಟಿಲ ಮೇಲೆ ಕೂತಳು.

ಗಂಡ ಮಣ್ಣಿನ ಚೀಲ ಹೊತ್ತು ಬಂದು ಅಂಗಳದಲ್ಲಿ ಇಳಿಸಿದ. "ಏನು, ಅರಮನೆ ಕೆಲಸ ನಿಂತೇ ಹೋಯ್ತು?"

"ಸುಸ್ತಾಯ್ತು." ಅವಳು ಅವನ ಮುಖವನ್ನೇ ನೋಡುತ್ತಿದ್ದಳು. "ರೀ, ತೇಗದ ವಾಸನೆಗೆ ಅಪ್ಪನ ಬೆಂಚು ನೆನಪಾಯ್ತು. ಅವತ್ತು ಅಣ್ಣ ಅದನ್ನ ಸುಟ್ಟಿದ್ದು ನೀವು ಕಣ್ಣಾರೆ ನೋಡಿದ್ರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಕೈ ಹೆಗಲ ಟವೆಲ್ಲಿಗೆ ಹೋಯಿತು. ಆದರೆ ನಾಲಗೆ ತಡವರಿಸಲಿಲ್ಲ.

"ನೋಡದೆ ಏನು? ನಾನು ಹೋದಾಗ ಇನ್ನೂ ಹೊಗೆ ಆಡ್ತಿತ್ತು. ಒಂದು ಕಾಲು ಮಾತ್ರ ಪೂರ್ತಿ ಉರಿದಿರಲಿಲ್ಲ. ನಿಮ್ಮಣ್ಣ ಕೋಲಲ್ಲಿ ಅದನ್ನ ಒಳಗೆ ತಳ್ತಾ ನಿಂತಿದ್ದ. ಕಣ್ಣಲ್ಲಿ ನೀರು ಅವನಿಗೆ. ಹೊಗೆಗೋ, ಬೇಜಾರಿಗೋ, ಪಾಪ." ಅವನು ನಿಟ್ಟುಸಿರು ಬಿಟ್ಟ. "ಹಳೇದೆಲ್ಲ ಯಾಕೆ ಈಗ? ಏಳು, ಟೀ ಮಾಡ್ಕೊಡ್ತೀನಿ."

ಹಿಂದೆ ಅವನು ಹೇಳಿದಾಗ ಬರೀ ಬೂದಿಯಿತ್ತು. ಈಗ ಹೊಗೆ ಬಂದಿದೆ, ಕೋಲು ಬಂದಿದೆ, ಅಣ್ಣನ ಕಣ್ಣೀರೂ ಬಂದಿದೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಅವನು ಹೇಳುತ್ತಿರುವುದನ್ನು ಕೇಳಿ ಅವಳಿಗೆ ಮೈ ಉರಿಯಿತು. ಅವಳು ಎದ್ದು ಅವನ ಬಲಗೈ ಹಿಡಿದುಕೊಂಡಳು. ಅವನು ನಗುತ್ತಲೇ ಬಂದ. ಸುರುಳಿಗಳನ್ನು ಸರಿಸಿ, ಅವನ ಬೆರಳುಗಳನ್ನು ಆ ಚೌಕದ ಮೇಲಿಟ್ಟಳು.

"ಇದೇನು?"

"ಏನೋ... ಗಂಟಾ?"

"ಗಂಟಲ್ಲ. ಬೆಣೆ. ನಾನು ಚಿಕ್ಕವಳಿದ್ದಾಗ ಅಪ್ಪನ ಬೆಂಚಿಗೆ ಹೊಡೆದಿದ್ದು. ಅಡ್ಡ ಹೊಡೆದಿದ್ದೆ. ಅಡ್ಡಾನೇ ಇದೆ ನೋಡಿ."

ಅವನ ಕೈ ಅಲ್ಲೇ ಉಳಿಯಿತು. ಮರ ಅಂದರೆ ಮರ, ಹಲಗೆ ಅಂದರೆ ಹಲಗೆ ಎಂದು ತಿಳಿದಿದ್ದವನು ಅವನು. ಮೇಲೆ ಒಂದಿಷ್ಟು ಮಸಿ ಬಿದ್ದು, ಕಾಲು ಹೋಗಿ, ವರ್ಷ ಕಳೆದರೆ ಒಂದು ಬೆಂಚು ಯಾರೂ ಗುರುತಿಸದ ಹಲಗೆಯಾಗುತ್ತದೆ ಎಂದುಕೊಂಡಿದ್ದ. ಮರಕ್ಕೂ ಮುಖವಿರುತ್ತದೆ ಎಂದು ಅವನಿಗೆ ಯಾರು ಹೇಳಿಕೊಟ್ಟಿದ್ದರು?

"ಕೂತ್ಕೊಂಡು ಮಾತಾಡೋಣ" ಎಂದ.

"ನಿಂತೇ ಹೇಳಿ."

ಅವನು ಹೇಳಿದ. ಅಣ್ಣ ಬೆಂಚನ್ನು ಒರೆಸಿ, ಎಣ್ಣೆ ಹಚ್ಚಿ, ತಾನೇ ಹಗ್ಗ ಬಿಗಿದು ವ್ಯಾನಿಗೆ ಏರಿಸಿಕೊಟ್ಟಿದ್ದ. ಇವನು ದಾರಿಯಲ್ಲಿ ಗೋದಾಮಿನ ಮುಂದೆ ನಿಲ್ಲಿಸಿದ. ಸ್ವಲ್ಪ ದಿನ ಇಟ್ಟುಕೋ ಎಂದು ಗೆಳೆಯನಿಗೆ ಒಪ್ಪಿಸಿ ಬಂದ. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಜಾಗ ಸಾಲದೆ ಗೆಳೆಯ ಕಾಲು ಬಿಚ್ಚಿದ, ಇಕ್ಕಳ ಗುಜರಿಗೆ ಹೋಯಿತು, ಮೇಲಿನ ಹಲಗೆಗಳ ಮೇಲೆ ಡ್ರಮ್ಮು ಉರುಳಿದವು.

"ಯಾಕೆ?"

"ನಿಮ್ಮಪ್ಪ ಬೆಂಚು ಮಗಳಿಗೆ ಅಂದಾಗ ಎಲ್ಲ ಯಾರ ಮುಖ ನೋಡಿ ನಕ್ಕಿದ್ದು? ನನ್ನ ಮುಖ. ಹೆಂಡತಿ ಬೋರ್ಡ್ ಹಾಕ್ಕೊಂಡು ಮರ ಕುಯ್ತಾಳೆ, ಗಂಡ ಅವಳಿಗೆ ಹಲಗೆ ಹೊರ್ತಾನೆ ಅಂತ ಊರೆಲ್ಲ ಆಡಿಕೊಳ್ತಿತ್ತು. ನನಗದು ಬೇಡ ಅನ್ನಿಸ್ತು."

"ಬೇಡ ಅಂತ ನನಗೆ ಹೇಳಬಹುದಿತ್ತಲ್ಲ. ಜಗಳ ಆಡ್ತಿದ್ವಿ. ನಾನು ಗೆಲ್ತಿದ್ದೆ, ಇಲ್ಲ ಸೋಲ್ತಿದ್ದೆ."

ಅವನು ನೆಲ ನೋಡಿದ. "ಬೇಡ ಅಂದ ಗಂಡ ಅಂತ ಅನ್ನಿಸಿಕೊಳ್ಳೋದೂ ಬೇಡವಾಗಿತ್ತು."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬಡಗಿಯ ಮಗಳಿಗೆ ಈಗ ಎಲ್ಲ ಸ್ಪಷ್ಟವಾಗಿ ಕಾಣತೊಡಗಿತು. ಅವನು ಕೆಟ್ಟವನಾಗದೆ ಉಳಿಯಲು ಯಾರಾದರೊಬ್ಬರು ಕೆಟ್ಟವರಾಗಬೇಕಿತ್ತು. ಅಣ್ಣನನ್ನು ಮಾಡಿದ. ತಾನು ಇಷ್ಟು ಕಾಲ ಅಣ್ಣನನ್ನು ಮನಸ್ಸಿನಲ್ಲೇ ಬೈದದ್ದೆಲ್ಲ, ಅವನ ಮಗಳ ಮದುವೆಗೂ ಹೋಗದೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತದ್ದೆಲ್ಲ ಒಂದೊಂದಾಗಿ ನೆನಪಾಯಿತು. ಆ ದಿನ ಇವನೇ ಪಕ್ಕದಲ್ಲಿ ಕೂತು ಬೆನ್ನು ಸವರಿದ್ದ.

"ಇವತ್ತು ಇದನ್ನ ತಂದಿರಲ್ಲ," ಎಂದಳು, "ಇದು ಅದೇ ಅಂತ ಗೊತ್ತಿತ್ತಾ, ಗೊತ್ತಿರಲಿಲ್ವಾ?"

"ಗೊತ್ತಿರಲಿಲ್ಲ ಕಣೇ. ಅಲ್ಲಿ ಎಷ್ಟೋ ಹಲಗೆ ಬಿದ್ದಿದ್ವು..." ಅವಳ ಕಣ್ಣು ನೋಡಿ ಮಾತು ಬದಲಾಯಿಸಿದ. "ಇಲ್ಲ, ಗೊತ್ತಿತ್ತು. ಹೇಗಾದ್ರೂ ನಿನ್ನ ಕೈಗೇ ಸೇರಲಿ ಅಂತ ತಂದೆ. ಮನಸ್ಸು ಚುಚ್ಚುತ್ತಿತ್ತು."

"ಒಂದನ್ನ ಇಟ್ಕೊಳ್ಳಿ. ಗೊತ್ತಿರಲಿಲ್ಲ ಅಂದ್ರೆ ನನ್ನಿಂದ ಕದ್ದ ಬೆಂಚು ಹೇಗಿತ್ತು ಅಂತ ನೋಡಿಟ್ಕೊಳ್ಳೋಷ್ಟು ಮರ್ಯಾದೇನೂ ನೀವು ಕೊಡಲಿಲ್ಲ. ಗೊತ್ತಿತ್ತು ಅಂದ್ರೆ ನಾನು ಕುಯ್ತಾ ಇದ್ದಾಗ ಆ ತುದಿ ಹಿಡ್ಕೊಂಡು ನಿಂತಿದ್ರಿ. ಬೆವರು ಒರೆಸಿದ್ರಿ. ಯಾವುದು ಬೇಕು ಹೇಳಿ, ಅದನ್ನೇ ನಂಬ್ತೀನಿ."

ಅವನಿಗೆ ಯಾವುದೂ ಬೇಕಾಗಿರಲಿಲ್ಲ. ಬೇಲಿ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಹೇಳುವುದು? ಅವಳು ಕೈ ಚಾಚಿ ಅವನ ಫೋನು ಕೇಳಿದಳು. ಅಣ್ಣನ ಈಗಿನ ನಂಬರು ಅವನಲ್ಲಿ ಮಾತ್ರ ಇತ್ತು.

ಆ ಕಡೆ ಗಂಟೆ ಎರಡು ಸಲವೂ ಬಾರಿಸಲಿಲ್ಲ. "ಹೇಳಿ ಭಾವ, ಈ ಕಡೆ ಬರ್ತಿದೀರಾ?" ಎಂದಿತು ಧ್ವನಿ. ಅಪ್ಪನ ಧ್ವನಿಯೇ ಅದು. ಅಣ್ಣನದು ಯಾವಾಗ ಹೀಗಾಯಿತೋ.

"ಅಣ್ಣಾ, ನಾನು."

ಅವನು ಗಾಬರಿಯಿಂದ, "ಏನಮ್ಮಾ? ಬೆಂಚಿಗೆ ಏನಾದ್ರೂ ಆಯ್ತಾ?" ಎಂದ.

"ಬೆಂಚು ಎಲ್ಲಿದೆ ಅಂದ್ಕೊಂಡಿದೀಯ ಅಣ್ಣ ನೀನು?"

"ನಿನ್ನ ಹತ್ರ. ಇನ್ನೆಲ್ಲಿ? ಭಾವ ಬಂದಾಗಲೆಲ್ಲ ಹೇಳ್ತಾರಲ್ಲ, ದಿನಾ ಅದರ ಮುಂದೆ ನಿಂತಿರ್ತಾಳೆ, ಕೈತುಂಬ ಕೆಲಸ ಅಂತ. ಸಾಮಾನೆಲ್ಲ ನನಗೆ ಬಂತು ಅಂತ ನಿನಗೆ ಕೋಪ, ಅದಕ್ಕೇ ಮಾತಾಡಲ್ಲ ಅಂತಾನೂ ಹೇಳಿದ್ರು. ನಾನು ಉಳಿ ಎರಡು ಕಳಿಸಿದ್ದೆ, ಸಿಕ್ತಲ್ವಾ?"

ಬಡಗಿಯ ಮಗಳು ಗಂಡನ ಕಡೆ ತಿರುಗಿದಳು. ಅವನು ಮಣ್ಣಿನ ಚೀಲದ ಮೇಲೆ ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದ. ಬೆಂಚು ಕದ್ದದ್ದು ಒಂದು. ಅದರ ಮೇಲೆ ಕೂತು ಅವಳ ಹೆಸರಿನಲ್ಲಿ ಇನ್ನೊಂದು ಬದುಕನ್ನೇ ಕಟ್ಟಿ, ಅದನ್ನು ಅಣ್ಣನಿಗೆ ತೋರಿಸಿ, ಅಲ್ಲಿಯೂ ಒಳ್ಳೆಯವನಾಗಿ ಟೀ ಕುಡಿದು ಬರುತ್ತಿದ್ದ. ಆ ಬದುಕಿನ ಬಡಗಿತಿ ಕೈತುಂಬ ಕೆಲಸ ಮಾಡುತ್ತಿದ್ದಳು. ಇವಳಿಗೆ ತಾನು ಹುಟ್ಟಲೇ ಇಲ್ಲವೇನೋ ಅನ್ನಿಸಿತು.

"ಉಳಿ ಸಿಗಲಿಲ್ಲ ಅಣ್ಣ. ಬೆಂಚು ಇವತ್ತು ಸಿಕ್ತು." ಅವಳು ಎಲ್ಲವನ್ನೂ ಹೇಳಿದಳು. ಗಂಡನನ್ನು ಬೈಯಲಿಲ್ಲ, ಆದದ್ದನ್ನು ಆದ ಹಾಗೆ ಹೇಳಿದಳು. ಮುಗಿದ ಮೇಲೆ ಅಣ್ಣ ಏನಾದರೂ ಅನ್ನುತ್ತಾನೆ, ಕೂಗಾಡುತ್ತಾನೆ ಎಂದು ಅವಳು ಕಾದಳು.

"ಕಾಲು ಇದಾವಾ?" ಎಂದ.

"ಇಲ್ಲ."

"ಇಕ್ಕಳ?"

"ಗುಜರಿಗೆ ಹೋಯ್ತಂತೆ."

"ಮೇಲಿನ ಹಲಗೆ?"

"ಒಂದು ಹಾಗೇ ಇದೆ. ಇನ್ನೊಂದನ್ನ..." ಅಲ್ಲಿಯವರೆಗೆ ಅಳದವಳು ಅಲ್ಲಿ ಅತ್ತುಬಿಟ್ಟಳು. "ಇನ್ನೊಂದನ್ನ ನಾನೇ ಕುಯ್ದುಬಿಟ್ಟೆ ಅಣ್ಣ. ಟೊಮೇಟೊ ಹಾಕೋಕೆ."

ಆ ಕಡೆಯಿಂದ ಅಣ್ಣ ಕೇಳಿದ. "ಎಳೆ ನೋಡಿ ಕುಯ್ದೆಯಾ, ಇಲ್ಲ ಬೆಣೆ ಹೊಡೆದ ಹಾಗೇನಾ?"

ಅಳುವಿನ ನಡುವೆ ಅವಳಿಗೆ ನಗು ಬಂತು. ಎರಡೂ ಒಟ್ಟಿಗೆ ಬಂದು ಕೆಮ್ಮಾಯಿತು. "ನೋಡಿ ಕುಯ್ದೆ. ನೇರವಾಗಿದೆ."

"ನೇರ ಇದ್ರೆ ಸೇರಿಸಬಹುದು. ಕಾಲು ನಾನು ಮಾಡ್ತೀನಿ. ತಗೊಂಡು ಬಾ."

ಪೆಟ್ಟಿಗೆಯ ಬದಿಗಳಿಗೆ ಆಗಲೇ ಹೊಡೆದಿದ್ದ ಮೊಳೆಗಳನ್ನು ಅವಳು ಒಂದೊಂದಾಗಿ ಕಿತ್ತಳು. ಗಂಡ ಸಹಾಯಕ್ಕೆ ಬಗ್ಗಿದ. "ಮುಟ್ಟಬೇಡಿ" ಎಂದಳು. ಹಲಗೆ, ತುಂಡು, ಕೊನೆಗೆ ಮೆಟ್ಟಿಲ ಮೇಲೆ ಬಿದ್ದಿದ್ದ ಹೊಂಬಣ್ಣದ ಪುಡಿಯನ್ನೂ ಒಂದು ಚೀಲದಲ್ಲಿ ತುಂಬಿಕೊಂಡಳು. ಬಿರುಕಿಗೆ ಅಂಟಿನ ಜೊತೆ ಅದೇ ಮರದ ಪುಡಿ ತುಂಬಬೇಕು, ಬೇರೆ ಮರದ್ದು ಕೂರುವುದಿಲ್ಲ. ದರ್ಜಿ ಹೆಂಗಸು ಹೊರಗೆ ಬಂದು, "ಏನ್ರೀ, ಗಿಡದ ಪೆಟ್ಟಿಗೆ ಬಿಚ್ಚಿಬಿಟ್ರಿ?" ಎಂದಳು. ಬಡಗಿಯ ಮಗಳು ಟೊಮೇಟೊ ಡಬ್ಬಗಳನ್ನೆಲ್ಲ ತಂದು ಅವಳ ಕೈಗೆ ಕೊಟ್ಟಳು. "ನೀವು ಬೆಳೆಸ್ಕೊಳ್ಳಿ. ಮಣ್ಣು ಅಲ್ಲಿದೆ."

"ಬೇರೆ ವ್ಯಾನು ಕರೆಸ್ಲಾ?" ಎಂದ ಗಂಡ, ಮೆಲ್ಲಗೆ.

"ಬೇಡ. ನಿಮ್ಮ ವ್ಯಾನಿನಲ್ಲೇ ಹೋಗಿದ್ದು, ನಿಮ್ಮ ವ್ಯಾನಿನಲ್ಲೇ ವಾಪಸ್ಸು ಹೋಗಲಿ. ಇಳಿಸೋವಾಗ ಅಣ್ಣನ ಮುಂದೆ ನೀವೇ ಹೇಳಿ, ಬೆಂಚು ತಂದೆ ಅಂತ."

ಹಲಗೆಗಳು ಏರಿದವು. ಅವನು ಬಂದು ಮುಂದಿನ ಬಾಗಿಲು ತೆಗೆದ. ಅಭ್ಯಾಸಬಲದಿಂದಲೋ, ಬೇರೇನೂ ತೋಚದೆಯೋ, ಹೆಗಲ ಟವೆಲ್ಲು ತೆಗೆದು ಸೀಟು ಒರೆಸಿದ. ಮೂಲೆ ಮೂಲೆಗೂ, ಎಂದಿಗಿಂತ ಹೆಚ್ಚು ಹೊತ್ತು ಒರೆಸಿ, ಬಾಗಿಲು ಹಿಡಿದು ನಿಂತ. ದರ್ಜಿ ಹೆಂಗಸು ಡಬ್ಬಗಳನ್ನು ಅಪ್ಪಿಕೊಂಡು, ಕಣ್ಣಲ್ಲೇ ಮೆಚ್ಚುಗೆ ಸೂಸುತ್ತಾ ನೋಡುತ್ತಿದ್ದಳು.

ಬಡಗಿಯ ಮಗಳು ಅವನನ್ನು ದಾಟಿ ಹಿಂದಕ್ಕೆ ಹೋದಳು. ಸೀರೆ ಎತ್ತಿ ಕಟ್ಟಿಕೊಂಡು ಸಾಮಾನಿನ ಜಾಗಕ್ಕೆ ಹತ್ತಿ, ಹಲಗೆಗಳು ಜಾರದ ಹಾಗೆ ಕಾಲು ಅಡ್ಡ ಕೊಟ್ಟು ಕೂತಳು. ಅವಳ ಹೆಬ್ಬೆರಳು ತಾನಾಗಿಯೇ ಆ ಬೆಣೆಯನ್ನು ಹುಡುಕಿಕೊಂಡಿತು. ವ್ಯಾನು ಹೊರಟಿತು. ಒರೆಸಿದ ಸೀಟು ಅಣ್ಣನ ಊರಿನವರೆಗೂ ಖಾಲಿಯಾಗಿಯೇ ಹೋಯಿತು.